ಕಿ ಹಜರ್ ದೇವಾಂತರ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಡೊನೇಷ್ಯಾದ ಪ್ರಾಥಮಿಕ ಶಾಲೆಯ ಮಕ್ಕಳ ಕೆಂಪು ಟೋಪಿಯನ್ನು ಹತ್ತಿರದಿಂದ ನೋಡಿದರೆ ಮುಂಭಾಗದಲ್ಲಿ ಒಂದು ಲಾಂಛನ ಕಾಣುತ್ತದೆ. ಅದರಲ್ಲಿ ಜಾವಾ ಭಾಷೆಯ ಮೂರು ಪದ: ತುತ್ ವುರಿ ಹಂದಯನಿ. ಆ ಮಾತಿನ ಹಿಂದಿರುವ ಮನುಷ್ಯನ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ. ಅದಕ್ಕೇ ಈ ಪ್ರಶ್ನೋತ್ತರ.

ಯಾರು ಇವರು? ಚುಟುಕಾಗಿ ಹೇಳಿ.

ಜಾವಾದ ಪತ್ರಕರ್ತ, ಡಚ್ಚರ ವಿರುದ್ಧ ಹೋರಾಡಿದವರು, 1922ರಲ್ಲಿ ‘ತಮನ್ ಸಿಸ್ವ’ ಎಂಬ ಶಾಲೆ ಶುರು ಮಾಡಿದವರು, ಸ್ವತಂತ್ರ ಇಂಡೊನೇಷ್ಯಾದ ಮೊದಲ ಶಿಕ್ಷಣ ಮಂತ್ರಿ. ಹುಟ್ಟಿದ್ದು 1889ರ ಮೇ 2, ತೀರಿಕೊಂಡಿದ್ದು 1959ರ ಏಪ್ರಿಲ್ 26. ಎಪ್ಪತ್ತು ತುಂಬಲು ಒಂದೇ ವಾರ ಬಾಕಿಯಿತ್ತು. ಅವರು ಹುಟ್ಟಿದ ದಿನವೇ ಆ ದೇಶದ ರಾಷ್ಟ್ರೀಯ ಶಿಕ್ಷಣ ದಿನ.

ಮೇಷ್ಟ್ರಾಗಿದ್ದವರು ಆಮೇಲೆ ರಾಜಕೀಯಕ್ಕೆ ಬಂದರು, ಅಲ್ವಾ?

ಎಲ್ಲರೂ ಹೀಗೇ ಹೇಳುತ್ತಾರೆ. ಆದರೆ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿ. ರಾಜಕೀಯ ಪಕ್ಷ ಕಟ್ಟಿದ್ದು 1912ರಲ್ಲಿ. ಗಡೀಪಾರಾದದ್ದು 1913ರಲ್ಲಿ. ಶಾಲೆ ತೆರೆದದ್ದು 1922ರಲ್ಲಿ. ಮಂತ್ರಿಯಾದದ್ದು 1945ರಲ್ಲಿ. ಅಂದರೆ ರಾಜಕೀಯವೇ ಮೊದಲು ಬಂತು. ಆ ದಾರಿಯಲ್ಲಿ ಪೆಟ್ಟು ತಿಂದ ಮೇಲೆ ಶಾಲೆ ಬಂತು. ನನ್ನ ಮಟ್ಟಿಗೆ ಆ ಶಾಲೆ ರಾಜಕೀಯದಿಂದ ನಿವೃತ್ತಿ ಆಗಿರಲಿಲ್ಲ. ಅದೇ ಕೆಲಸ, ಜಾಗ ಮಾತ್ರ ಬೇರೆ. ಡಚ್ ಸರ್ಕಾರಕ್ಕೂ ಹಾಗೇ ಅನ್ನಿಸಿತ್ತು ಅನ್ನೋದು ಮುಂದೆ ಗೊತ್ತಾಗುತ್ತದೆ.

ಅರಮನೆಯ ಹುಡುಗ ಅಂತಾರಲ್ಲ, ನಿಜವಾ?

ನಿಜ. ಜಾವಾದ ಯೋಗ್ಯಕರ್ತ ನಗರದಲ್ಲಿ ಸುಲ್ತಾನರ ಅರಮನೆಯ ಜೊತೆಗೆ ಪಾಕುಆಲಮನ್ ಎಂಬ ಇನ್ನೊಂದು ಚಿಕ್ಕ ರಾಜಮನೆತನವೂ ಇದೆ. ಅಲ್ಲಿನ ಮೂರನೇ ಪಾಕು ಆಲಮ್ ಇವರ ಅಜ್ಜ. ಹುಟ್ಟು ಹೆಸರು ರಾಡೆನ್ ಮಾಸ್ ಸುವರ್ಡಿ ಸೂರ್ಯನಿಂಗ್ರಾತ್. ‘ರಾಡೆನ್ ಮಾಸ್’ ಅನ್ನುವುದು ಕುಲೀನರ ಬಿರುದು. ಹಾಗಾಗಿ ಡಚ್ಚರ ಮಕ್ಕಳು ಓದುವ ಶಾಲೆಯಲ್ಲಿ ಇವರಿಗೂ ಸೀಟು ಸಿಕ್ಕಿತು. ಬೀದಿಯಲ್ಲಿ ಜೊತೆಗೆ ಆಡುತ್ತಿದ್ದ ಮಕ್ಕಳಿಗೆ ಅದು ಸಿಗುವಂತಿರಲಿಲ್ಲ.

ಡಾಕ್ಟರ್ ಓದು ಅರ್ಧಕ್ಕೇ ಬಿಟ್ಟರಂತೆ?

ಹೌದು. ಬಟಾವಿಯಾದಲ್ಲಿ, ಅಂದರೆ ಈಗಿನ ಜಕಾರ್ತಾದಲ್ಲಿ, ಸ್ಥಳೀಯರಿಗಾಗಿ ‘ಸ್ಟೋವಿಯಾ’ ಎಂಬ ವೈದ್ಯಕೀಯ ಶಾಲೆಯಿತ್ತು. ಅಲ್ಲಿ ಸೇರಿದರು, ಕಾಯಿಲೆ ಬಿದ್ದು ಮುಗಿಸಲಾಗಲಿಲ್ಲ. ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ಸ್ವಲ್ಪ ದಿನ, ಔಷಧಿ ಅಂಗಡಿಯಲ್ಲಿ ಸ್ವಲ್ಪ ದಿನ. ಕೊನೆಗೆ ಕೈಹಿಡಿದದ್ದು ಪತ್ರಿಕೆ ಕೆಲಸ.

ಆದರೆ ಆ ಶಾಲೆ ಪದವಿಗಿಂತ ದೊಡ್ಡದನ್ನು ಕೊಟ್ಟಿತ್ತು. 1908ರಲ್ಲಿ ಅಲ್ಲಿನ ಹುಡುಗರೇ ಸೇರಿ ‘ಬೂದಿ ಉತೊಮೊ’ ಸಂಘ ಕಟ್ಟಿದರು. ಹೆಸರಲ್ಲಿ ನಮ್ಮ ಬುದ್ಧಿ, ಉತ್ತಮ ಎರಡೂ ಕೇಳಿಸುತ್ತವೆ ನೋಡಿ. ಸುವರ್ಡಿ ಅದರ ಪ್ರಚಾರದ ಕೆಲಸ ಮಾಡಿದರು. ನಾಲ್ಕು ವರ್ಷದ ನಂತರ, 1912ರ ಡಿಸೆಂಬರ್‌ನಲ್ಲಿ, ಬಾಂಡುಂಗ್‌ನಲ್ಲಿ ‘ಇಂಡಿಶ್ ಪಾರ್ಟೈ’ ಹುಟ್ಟಿತು. ಅದರ ಹಿಂದೆ ಮೂವರು: ಸುವರ್ಡಿ, ಡಾಕ್ಟರ್ ಚಿಪ್ತೊ ಮಂಗುನ್‌ಕುಸುಮೊ, ಮಿಶ್ರ ಮೂಲದ ಪತ್ರಕರ್ತ ಅರ್ನೆಸ್ಟ್ ಡೌವೆಸ್ ಡೆಕ್ಕರ್. ಇಂಡೊನೇಷ್ಯಾದಲ್ಲಿ ಈಗಲೂ ಇವರನ್ನು ‘ತಿಗ ಸೆರಂಗ್‌ಕೈ’, ಅಂದರೆ ತ್ರಿವಳಿ, ಅನ್ನುತ್ತಾರೆ. ಸರ್ಕಾರ ಆ ಪಕ್ಷಕ್ಕೆ ಮಾನ್ಯತೆ ಕೊಡಲೇ ಇಲ್ಲ.

ಗಡೀಪಾರು ಮಾಡುವಂಥದ್ದು ಅವರು ಏನು ಬರೆದಿದ್ದರು?

ಇದು ನನಗೆ ತುಂಬಾ ಇಷ್ಟವಾದ ಕಥೆ.

ನೆಪೋಲಿಯನ್ನನ ಫ್ರಾನ್ಸ್ ಹಿಡಿತದಿಂದ ಹಾಲೆಂಡ್ ಬಿಡಿಸಿಕೊಂಡು 1913ಕ್ಕೆ ನೂರು ವರ್ಷ. ಹಬ್ಬ ಮಾಡಬೇಕು ಎಂದು ಡಚ್ಚರು ತೀರ್ಮಾನಿಸಿದರು. ತಮ್ಮ ಊರಲ್ಲಿ ಮಾಡಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ತಾವು ಆಳುತ್ತಿದ್ದ ಜಾವಾದಲ್ಲೂ ಹಬ್ಬ ಆಗಬೇಕು ಅಂದರು. ಅದಕ್ಕೆ ಆಳಿಸಿಕೊಳ್ಳುವ ಜನರೂ ಚಂದಾ ಕೊಡಬೇಕು ಅಂದರು!

ಸುವರ್ಡಿಗೆ ಆಗ 24 ವರ್ಷ. 1913ರ ಜುಲೈ 13ರಂದು ಬಾಂಡುಂಗ್‌ನ ‘ಡಿ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಡಚ್ ಭಾಷೆಯಲ್ಲೇ ಒಂದು ಲೇಖನ ಬರೆದರು. ಶೀರ್ಷಿಕೆ ‘ನಾನೊಬ್ಬ ಡಚ್ಚನಾಗಿದ್ದರೆ’. ಅದರಲ್ಲಿ ಬೈಗುಳವಿಲ್ಲ, ಕೂಗಾಟವಿಲ್ಲ. ಬಹಳ ವಿನಯದ ಮಾತು. ನಾನು ಡಚ್ಚನಾಗಿದ್ದರೆ, ಯಾರ ಸ್ವಾತಂತ್ರ್ಯ ಕಿತ್ತುಕೊಂಡಿದ್ದೇನೋ ಅವರ ಅಂಗಳದಲ್ಲೇ ನನ್ನ ಸ್ವಾತಂತ್ರ್ಯದ ಹಬ್ಬ ಮಾಡಲು ನಾಚಿಕೆಪಡುತ್ತಿದ್ದೆ. ಅದರ ಖರ್ಚನ್ನು ಅವರಿಂದಲೇ ಕೇಳುವುದು ಅವಮಾನದ ಮೇಲೆ ಅವಮಾನ. ಇನ್ನೊಂದು ವಿಷಯ, ಇದು ಜಾಣತನವೂ ಅಲ್ಲ: ಸ್ವಾತಂತ್ರ್ಯದ ಹಬ್ಬ ಹೇಗಿರುತ್ತದೆ ಎಂದು ಅವರಿಗೆ ನಾವೇ ತೋರಿಸಿಕೊಟ್ಟ ಹಾಗಾಗುತ್ತದೆ. ಲೇಖನದ ಸಾರ ಇಷ್ಟೇ.

ಆ ಕೊನೆಯ ಮಾತೇ ನಿಜವಾದ ಕುಟುಕು. ಡಚ್ಚನ ಬಟ್ಟೆ ಹಾಕಿಕೊಂಡು, ಡಚ್ಚನ ದನಿಯಲ್ಲೇ, ಡಚ್ಚರಿಗೇ ಬುದ್ಧಿ ಹೇಳಿದ ಹಾಗಿತ್ತು. ಪತ್ರಕರ್ತ ಅಬ್ದುಲ್ ಮುಯಿಸ್ ಅದನ್ನು ಮಲಯ ಭಾಷೆಗೆ ತಂದರು. ಡಚ್ಚಿನಲ್ಲಿ ಓದಿದವರು ಕೆಲವರು, ಮಲಯದಲ್ಲಿ ಓದಬಲ್ಲವರು ಎಷ್ಟೋ ಜಾಸ್ತಿ. ಸರ್ಕಾರಕ್ಕೆ ಬಿಸಿ ಮುಟ್ಟಿತು.

ಶಿಕ್ಷೆ ಏನಾಯಿತು?

ಗವರ್ನರ್ ಜನರಲ್ ಇಡೆನ್‌ಬರ್ಗ್ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿದರು. ಸುವರ್ಡಿ ಬಾಂಗ್ಕಾ ದ್ವೀಪಕ್ಕೆ, ಚಿಪ್ತೊ ಬಾಂಡಾ ದ್ವೀಪಕ್ಕೆ, ಡೌವೆಸ್ ಡೆಕ್ಕರ್ ತಿಮೋರ್‌ನ ಕುಪಾಂಗ್‌ಗೆ. ಮೂವರೂ ಒಂದು ಮನವಿ ಇಟ್ಟರು: ಮೂಲೆಯ ದ್ವೀಪಗಳಿಗೆ ಬೇಡ, ಹಾಲೆಂಡ್‌ಗೇ ಕಳಿಸಿ. ಸರ್ಕಾರ ಒಪ್ಪಿತು. ಬಾಯಿ ಮುಚ್ಚಿಸಬೇಕಾದವರನ್ನು ಮಾತಾಡಲು ಸ್ವಾತಂತ್ರ್ಯ ಜಾಸ್ತಿ ಇರುವ ಊರಿಗೇ ಹಡಗು ಹತ್ತಿಸಿತು. ಸೆಪ್ಟೆಂಬರ್‌ನಲ್ಲಿ ಹೊರಟರು. ಸುವರ್ಡಿಯ ಜೊತೆ ಹೆಂಡತಿ ಸುತರ್ತಿನಾ ಕೂಡ ಇದ್ದರು.

ಹಾಲೆಂಡಿನಲ್ಲಿ ಏನು ಮಾಡಿದರು?

ಹೊಟ್ಟೆಪಾಡಿಗೆ ಬರೆದರು. ದಿ ಹೇಗ್‌ನಲ್ಲಿ ಒಂದು ಸುದ್ದಿಸಂಸ್ಥೆ ನಡೆಸಿದರು. ಅದರ ಹೆಸರಲ್ಲೇ ‘ಇಂಡೊನೇಷ್ಯ’ ಎಂಬ ಪದವಿತ್ತು. ಆಗ ಅದು ವಿದ್ವಾಂಸರ ಪುಸ್ತಕದಲ್ಲಷ್ಟೇ ಇದ್ದ ಪದ. ರಾಜಕೀಯದಲ್ಲಿ ಅದನ್ನು ಮೊದಮೊದಲು ಬಳಸಿದವರಲ್ಲಿ ಇವರೂ ಒಬ್ಬರು.

ಎರಡನೆಯದು ಶಿಕ್ಷಕರ ಪರೀಕ್ಷೆ. 1915ರಲ್ಲಿ ಯುರೋಪಿನ ಶಾಲೆಯಲ್ಲಿ ಪಾಠ ಹೇಳುವ ಅರ್ಹತೆ ಪಡೆದರು. ಫ್ರೋಬೆಲ್, ಮಾಂಟೆಸ್ಸರಿ, ಟ್ಯಾಗೋರ್ ಎಲ್ಲರನ್ನೂ ಓದಿದರು. ಹೆಂಡತಿ ಅಲ್ಲೇ ಒಂದು ಶಿಶುವಿಹಾರದಲ್ಲಿ ಪಾಠ ಹೇಳಿದರು. ಇಬ್ಬರು ಮಕ್ಕಳು ಹುಟ್ಟಿದ್ದೂ ಅಲ್ಲೇ. ಇದರ ನಡುವೆ 1916ರಲ್ಲಿ ‘ಕಿನಂತಿ ಸಂದೂಂಗ್’ ಎಂಬ ಹಾಡು ಕಟ್ಟಿದರು. ಜಾವಾದ ಗಾಯನ, ಜೊತೆಗೆ ಪಿಯಾನೋ. ಮನೆಯ ನೆನಪು ಎಷ್ಟು ಕಾಡಿರಬೇಕು ಅಂತ ಇದೊಂದರಿಂದಲೇ ಊಹಿಸಬಹುದು.

ಗಡೀಪಾರು ಆದೇಶ ರದ್ದಾದ ಮೇಲೂ ಯುದ್ಧದಿಂದಾಗಿ ಹಡಗು ಸಿಗುವುದು ಕಷ್ಟವಾಗಿತ್ತು. ಊರು ಮುಟ್ಟಿದಾಗ 1919.

ವಾಪಸ್ ಬಂದವರು ಮತ್ತೆ ಪಕ್ಷ ಕಟ್ಟದೆ ಶಾಲೆ ಯಾಕೆ ತೆರೆದರು?

ಮೊದಲು ಪಕ್ಷದ ಕೆಲಸವನ್ನೇ ಮಾಡಿದರು. ಭಾಷಣ, ಲೇಖನ, ಜೈಲು, ಮತ್ತೆ ಭಾಷಣ. ಇದರಿಂದ ಜನರ ಒಳಗೆ ಏನೂ ಬದಲಾಗುತ್ತಿಲ್ಲ ಅನ್ನಿಸಿರಬೇಕು. ಡಚ್ ಶಾಲೆಯಲ್ಲಿ ಓದಿದ ಹುಡುಗ ಗುಮಾಸ್ತನಾಗಿ ಹೊರಬರುತ್ತಿದ್ದ, ತನ್ನ ಊರನ್ನೇ ಕೀಳಾಗಿ ನೋಡುತ್ತಿದ್ದ. ಅಂಥವನಿಗೆ ಸ್ವಾತಂತ್ರ್ಯ ಕೊಟ್ಟರೂ ಏನು ಮಾಡಿಯಾನು?

ಇವರ ಅಣ್ಣ ಸೂರ್ಯಪ್ರನೊತೊ ಬೇರೆ ದಾರಿ ಹಿಡಿದಿದ್ದರು. ಸಕ್ಕರೆ ಕಾರ್ಖಾನೆಯ ಕೂಲಿಗಳ ಸಂಘ ಕಟ್ಟಿ ‘ಮುಷ್ಕರಗಳ ರಾಜ’ ಅನ್ನಿಸಿಕೊಂಡಿದ್ದರು. ಅವರದ್ದೂ ಒಂದು ಶಾಲೆಯಿತ್ತು, ತಮ್ಮ ಸುವರ್ಡಿ ಮೊದಲು ಪಾಠ ಹೇಳಿದ್ದು ಅಲ್ಲೇ. ಅರಮನೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬ ಕಾರ್ಖಾನೆ ಗೇಟಿಗೆ ಹೋದ, ಇನ್ನೊಬ್ಬ ಶಿಶುವಿಹಾರಕ್ಕೆ. ಆ ಕಾಲದಲ್ಲಿ ಯಾರು ಹೆಚ್ಚು ಅಪಾಯ ಅಂತ ಕೇಳಿದ್ದರೆ ಪೊಲೀಸರು ಕಣ್ಣುಮುಚ್ಚಿ ಅಣ್ಣನನ್ನೇ ತೋರಿಸುತ್ತಿದ್ದರು.

ತಮನ್ ಸಿಸ್ವ ಅಂದರೆ ಏನು? ಬೇರೆ ಶಾಲೆಗಿಂತ ಹೇಗೆ ಬೇರೆ?

‘ತಮನ್’ ಎಂದರೆ ತೋಟ. ‘ಸಿಸ್ವ’ ನಮ್ಮ ‘ಶಿಷ್ಯ’ನೇ, ಸಮುದ್ರ ದಾಟಿ ಹೋಗಿ ಉಚ್ಚಾರ ಬದಲಿಸಿಕೊಂಡವನು. ಜಾವಾದವರ ಬಾಯಲ್ಲಿ ಅದು ‘ಸಿಸ್ವೊ’. ಶಾಲೆ ಶುರುವಾದದ್ದು 1922ರ ಜುಲೈ 3, ಯೋಗ್ಯಕರ್ತದಲ್ಲಿ. ಮೊದಲಿಗೆ ಇದ್ದದ್ದು ಒಂದು ಶಿಶುವಿಹಾರ, ಜೊತೆಗೆ ಶಿಕ್ಷಕರ ತರಬೇತಿ ಮಾತ್ರ.

ಅಲ್ಲಿ ಮೇಷ್ಟ್ರನ್ನು ಮಕ್ಕಳು ‘ಬಪಾಕ್’, ‘ಇಬು’ ಅನ್ನುತ್ತಿದ್ದರು. ಅಪ್ಪ, ಅಮ್ಮ ಎಂದರ್ಥ. ನಮ್ಮ ‘ನೀನು’, ‘ನೀವು’ ಇದ್ದ ಹಾಗೆ ಜಾವಾ ಭಾಷೆಯಲ್ಲೂ ಮೇಲಿನವರಿಗೊಂದು ಮಾತು, ಕೆಳಗಿನವರಿಗೊಂದು ಮಾತು. ಅಲ್ಲಿ ಇಡೀ ಪದಗಳೇ ಬದಲಾಗುತ್ತವೆ. ಅಂಥ ಕಡೆ ಮೇಷ್ಟ್ರನ್ನು ಬಿರುದಿನಿಂದ ಕರೆಯದೆ ಅಪ್ಪ ಅಂತ ಕರೆಯುವುದು ಚಿಕ್ಕ ವಿಷಯವಲ್ಲ. ಕಲಿಸುವವರಿಗೆ ಅಲ್ಲಿ ಇನ್ನೊಂದು ಹೆಸರೂ ಇತ್ತು, ‘ಪಮೋಂಗ್’. ಮಗುವನ್ನು ನೋಡಿಕೊಳ್ಳುವವರು ಅಂತ.

ಪಾಠದ ಜೊತೆ ಹಾಡು, ಕುಣಿತ, ಗಮೆಲಾನ್ ವಾದ್ಯ, ಹಳ್ಳಿಯ ಮಕ್ಕಳ ಆಟ. ಇವು ಪಾಠ ಮುಗಿದ ಮೇಲಿನ ಟೈಂಪಾಸ್ ಅಲ್ಲ, ಇವೂ ಪಾಠವೇ. ಚಿಕ್ಕ ಮಕ್ಕಳಿಗೆ ಮಾತೃಭಾಷೆ.

ಸರ್ಕಾರದ ಅನುದಾನ ಮುಟ್ಟುವುದಿಲ್ಲ ಎಂಬುದು ಗಟ್ಟಿ ನಿಯಮ. ದುಡ್ಡು ತಗೊಂಡರೆ ಅವರ ಪಠ್ಯ ತಗೋಬೇಕಾಗುತ್ತದೆ ಅಂತ. ಇದರ ಬಿಸಿ ತಾಗಿದ್ದು ಮೇಷ್ಟ್ರುಗಳಿಗೆ, ಸಂಬಳ ತೀರಾ ಕಡಿಮೆ. ಆದರೂ 1932ರ ಹೊತ್ತಿಗೆ ಸುಮಾರು 166 ಶಾಲೆ, 11,000 ಮಕ್ಕಳು ಆಗಿದ್ದರು.

ಹೆಸರು ಯಾಕೆ ಬದಲಿಸಿಕೊಂಡರು? ‘ಹಜರ್’ ಅಂದರೆ ಹಾಜರಾ?

ಅಲ್ಲ, ನಮ್ಮ ಹಾಜರಿ ಪುಸ್ತಕಕ್ಕೂ ಇದಕ್ಕೂ ಸಂಬಂಧವಿಲ್ಲ. ಮೇಷ್ಟ್ರಿಗೆ ಹೊಂದುತ್ತದೆ ಅನ್ನೋದು ಬೇರೆ ಮಾತು! ‘ಅಜರ್’ ಎಂದರೆ ಕಲಿಸುವುದು. ‘ಕಿ’ ಅನ್ನುವುದು ಅರಮನೆಯ ಬಿರುದಲ್ಲ. ಕಲಿತವರಿಗೆ, ತೊಗಲುಗೊಂಬೆ ಆಡಿಸುವ ಕಲಾವಿದರಿಗೆ ಜನ ಕೊಡುವ ಗೌರವ. ‘ದೇವಾಂತರ’ದಲ್ಲಿ ದೇವ, ಅಂತರ ಎರಡೂ ನಮಗೆ ಕಾಣುತ್ತವೆ.

ಬದಲಿಸಿದ್ದು 1928ರಲ್ಲಿ, ನಲವತ್ತು ತುಂಬಿದಾಗ. ಲೆಕ್ಕ ತಪ್ಪಿದೆ ಅನ್ನಿಸುತ್ತದೆ, ಅಲ್ವಾ? 1889ಕ್ಕೆ ನಲವತ್ತು ಸೇರಿಸಿದರೆ 1929. ತಪ್ಪಿಲ್ಲ. ಜಾವಾದ ವರ್ಷ ಚಂದ್ರನ ಲೆಕ್ಕದ್ದು, ನಮ್ಮ ಕ್ಯಾಲೆಂಡರ್ ವರ್ಷಕ್ಕಿಂತ ಹನ್ನೊಂದು ದಿನ ಚಿಕ್ಕದು. ನಲವತ್ತು ವರ್ಷಕ್ಕೆ ಒಂದು ವರ್ಷಕ್ಕೂ ಹೆಚ್ಚು ಅಂತರ ಬೀಳುತ್ತದೆ. ತನ್ನ ವಯಸ್ಸನ್ನೂ ತನ್ನ ಊರಿನ ಪಂಚಾಂಗದಲ್ಲೇ ಎಣಿಸಿದ ಮನುಷ್ಯ. ರಾಡೆನ್ ಮಾಸ್ ಬಿಟ್ಟ ಕಾರಣ ಸರಳ: ಸಾಮಾನ್ಯರು ಹತ್ತಿರ ಬರಲು ಆ ಬಿರುದು ಅಡ್ಡವಾಗುತ್ತಿತ್ತು.

‘ತುತ್ ವುರಿ ಹಂದಯನಿ’ ಅಂದರೇನು?

ಇದು ಮೂರು ಮಾತಿನ ಕೊನೆಯ ತುಂಡು. ಪೂರ್ತಿ ಹೀಗಿದೆ: ‘ಇಂಗ್ ನ್ಗರ್ಸ ಸುಂಗ್ ತುಲದ, ಇಂಗ್ ಮದ್ಯ ಮಂಗುನ್ ಕರ್ಸ, ತುತ್ ವುರಿ ಹಂದಯನಿ’. ಮುಂದೆ ನಿಂತರೆ ಮಾದರಿಯಾಗು, ಮಧ್ಯದಲ್ಲಿದ್ದರೆ ಹುಮ್ಮಸ್ಸು ತುಂಬು, ಹಿಂದಿನಿಂದ ಬರುತ್ತಾ ಬಲ ಕೊಡು. ‘ಮದ್ಯ’ ನಮ್ಮ ಮಧ್ಯವೇ, ಬೇರೇನೋ ಅಂದುಕೊಳ್ಳಬೇಡಿ.

ಆಗಷ್ಟೇ ನಡೆಯಲು ಕಲಿಯುತ್ತಿರುವ ಮಗುವಿನ ಹಿಂದೆ ಅಜ್ಜಿ ಹೋಗುವುದನ್ನು ನೋಡಿದ್ದೀರಲ್ಲ? ಬೆನ್ನು ಬಗ್ಗಿದೆ, ಎರಡೂ ಕೈ ಚಾಚಿದೆ, ಆದರೆ ಮುಟ್ಟುವುದಿಲ್ಲ. ಮಗು ಬಾಗಿಲ ಕಡೆ ತಿರುಗಿದರೆ ಅಜ್ಜಿಯೂ ತಿರುಗುತ್ತಾಳೆ. ಹೊಸ್ತಿಲು ಬಂದಾಗ ಮಾತ್ರ ಕೈ ಇನ್ನಷ್ಟು ಹತ್ತಿರ. ತುತ್ ವುರಿ ಅಂದರೆ ಅದು. ಪಮೋಂಗ್ ಅಂದರೂ ಅದೇ.

‘ಕಾಡು ಶಾಲೆ’ ಕಾನೂನು ಅಂತ ಏನೋ ಇತ್ತಲ್ಲ?

ಶಾಲೆ ರಾಜಕೀಯವೇ ಆಗಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಸರ್ಕಾರದ ಅನುದಾನ ಪಡೆಯದ ಖಾಸಗಿ ಶಾಲೆಗಳನ್ನು ಡಚ್ಚರು ‘ಕಾಡು ಶಾಲೆ’ ಅನ್ನುತ್ತಿದ್ದರು. 1930ರ ನಂತರ ಆರ್ಥಿಕ ಕುಸಿತ. ಸರ್ಕಾರ ತನ್ನ ಶಾಲೆಗಳ ಖರ್ಚು ಕಡಿತ ಮಾಡಿತು, ಮಕ್ಕಳು ಈ ಕಾಡು ಶಾಲೆಗಳಿಗೆ ಬರತೊಡಗಿದರು. 1932ರ ಸೆಪ್ಟೆಂಬರ್‌ನಲ್ಲಿ ಒಂದು ಸುಗ್ರೀವಾಜ್ಞೆ ಬಂತು: ಇಂಥ ಶಾಲೆ ನಡೆಸಲು ಪರವಾನಗಿ ಬೇಕು, ಪಾಠ ಹೇಳುವವರಿಗೂ ಪರವಾನಗಿ ಬೇಕು. ಅಕ್ಟೋಬರ್ 1ರಿಂದ ಜಾರಿ.

ಅದೇ ಅಕ್ಟೋಬರ್ 1ರಂದು ಕಿ ಹಜರ್ ಗವರ್ನರ್ ಜನರಲ್‌ಗೆ ಒಂದು ಟೆಲಿಗ್ರಾಂ ಕಳಿಸಿದರು. ಮನವಿಯಲ್ಲ, ಮುನ್ಸೂಚನೆ: ಕೈಲಾಗದ ಪ್ರಾಣಿಯೂ ತನ್ನನ್ನು ಕಾಪಾಡಿಕೊಳ್ಳಲು ನೋಡುತ್ತದೆ, ನಾವೂ ಅಷ್ಟೇ, ಕೈ ಎತ್ತದೆ ಸಾಧ್ಯವಾದಷ್ಟು ಕಾಲ ಎದುರು ನಿಲ್ಲುತ್ತೇವೆ. ಒಬ್ಬ ಶಾಲಾ ಮೇಷ್ಟ್ರು ವಸಾಹತಿನ ದೊರೆಗೆ ಹೀಗೆ ತಂತಿ ಕಳಿಸುವುದು ಸುಮ್ನೆ ಮಾತಲ್ಲ.

ಆಮೇಲೆ ನಡೆದದ್ದು ಇನ್ನೂ ದೊಡ್ಡದು. ಬೂದಿ ಉತೊಮೊ, ಮುಸ್ಲಿಂ ಸಂಘಟನೆ ಮುಹಮ್ಮದಿಯಾ, ರಾಷ್ಟ್ರೀಯ ಪಕ್ಷಗಳು, ಬೇರೆ ಸಮಯದಲ್ಲಿ ಒಬ್ಬರ ಮುಖ ಒಬ್ಬರು ನೋಡದವರು, ಈ ಒಂದು ವಿಷಯಕ್ಕೆ ಒಂದಾದರು. ಜನಪ್ರತಿನಿಧಿಗಳ ಸಭೆಯಲ್ಲೂ ಮಾತೆದ್ದಿತು. 1933ರ ಫೆಬ್ರವರಿಯಲ್ಲಿ ಸರ್ಕಾರ ಆ ಕಾನೂನನ್ನು ಪಕ್ಕಕ್ಕಿಟ್ಟಿತು. ಪಕ್ಷಗಳಿಂದ ಆಗದ ಕೆಲಸ ಶಿಶುವಿಹಾರದಿಂದ ಆಯಿತು.

ಹೆಂಡತಿಯ ಪಾತ್ರ ಏನು?

‘ಪಾತ್ರ’ ಅನ್ನುವ ಪದವೇ ಸಾಲದು. ನ್ಯಿ ಹಜರ್ ದೇವಾಂತರ ಎಂದು ಹೆಸರಾದ ಸುತರ್ತಿನಾ ಶಾಲೆಯಲ್ಲಿ ಕಲಿಸಿದರು, ಮಹಿಳಾ ವಿಭಾಗ ನಡೆಸಿದರು. 1928ರ ಡಿಸೆಂಬರ್ 22ರಂದು ಯೋಗ್ಯಕರ್ತದಲ್ಲಿ ಶುರುವಾದ ಮೊದಲ ಇಂಡೊನೇಷ್ಯಾ ಮಹಿಳಾ ಸಮ್ಮೇಳನದ ಸಂಘಟಕಿಯರಲ್ಲಿ ಅವರೊಬ್ಬರು. ಆ ದಿನವೇ ಈಗ ಅಲ್ಲಿ ತಾಯಂದಿರ ದಿನ. ಗಂಡ ತೀರಿಕೊಂಡ ಮೇಲೆ, 1971ರಲ್ಲಿ ತಾವು ತೀರಿಕೊಳ್ಳುವವರೆಗೆ, ತಮನ್ ಸಿಸ್ವದ ಹೊಣೆ ಹೊತ್ತವರೂ ಅವರೇ.

ಟ್ಯಾಗೋರರ ಜೊತೆ ನಂಟಿತ್ತಾ?

ಇತ್ತು. 1927ರಲ್ಲಿ ಟ್ಯಾಗೋರರು ಜಾವಾ ಪ್ರವಾಸಕ್ಕೆ ಬಂದಾಗ ಯೋಗ್ಯಕರ್ತದಲ್ಲಿ ತಮನ್ ಸಿಸ್ವಕ್ಕೂ ಹೋಗಿದ್ದರು. ರುಸ್ಲಿ ಎಂಬ ಚಿತ್ರಕಾರ ಶಾಂತಿನಿಕೇತನದಲ್ಲಿ ಓದಿ, ಊರಿಗೆ ಮರಳಿ ತಮನ್ ಸಿಸ್ವದಲ್ಲಿ ಚಿತ್ರ ಕಲಿಸಿದರು. ಆದರೆ ಇದು ಅದರ ನಕಲು ಅಂದುಕೊಳ್ಳುವುದು ಬೇಡ. ಶಾಂತಿನಿಕೇತನ ಒಂದು ಜಾಗದಲ್ಲಿ ಬೇರುಬಿಟ್ಟ ಮರ. ತಮನ್ ಸಿಸ್ವ ಊರೂರಿಗೆ ಹಬ್ಬಿದ ಬಳ್ಳಿ.

ಜಪಾನಿಯರ ಕಾಲದಲ್ಲಿ ಅವರ ಜೊತೆ ಕೈಜೋಡಿಸಿದರು ಎಂಬ ಆರೋಪ?

ಆರೋಪ ಅಲ್ಲ, ನಡೆದದ್ದೇ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಡಚ್ಚರನ್ನು ಸೋಲಿಸಿ ಇಂಡೊನೇಷ್ಯಾವನ್ನು ಹಿಡಿದಿತ್ತು. 1943ರಲ್ಲಿ ಜಪಾನಿ ಆಡಳಿತದ ಕೆಳಗೆ ‘ಪುತೆರ’ ಎಂಬ ಸಂಘಟನೆ ಬಂತು. ಅದರ ಮುಂದಾಳುಗಳು ನಾಲ್ವರು: ಮುಂದೆ ದೇಶದ ಮೊದಲ ಅಧ್ಯಕ್ಷರಾದ ಸುಕರ್ನೊ, ಉಪಾಧ್ಯಕ್ಷರಾದ ಹಟ್ಟಾ, ಧರ್ಮಗುರು ಮಾಸ್ ಮನ್ಸೂರ್, ಕಿ ಹಜರ್. ಜಪಾನಿಗೆ ಬೇಕಿದ್ದದ್ದು ಯುದ್ಧಕ್ಕೆ ಜನಬೆಂಬಲ. ಇವರಿಗೆ ಬೇಕಿದ್ದದ್ದು ಜನರನ್ನು ತಲುಪಲು ಒಂದು ವೇದಿಕೆ. ಡಚ್ಚರಿಂದ ಬಿಡಿಗಾಸು ಮುಟ್ಟದ ಮನುಷ್ಯ ಇಲ್ಲಿ ಒಪ್ಪಿಕೊಂಡದ್ದು ಇರಿಸುಮುರಿಸು ಮಾಡುತ್ತದೆ, ನಿಜ. ಅದನ್ನು ಮುಚ್ಚಿಡುವ ಅಗತ್ಯವೇನೂ ಇಲ್ಲ.

ಮಂತ್ರಿಯಾಗಿ ಏನು ಮಾಡಿದರು?

ಹೆಚ್ಚೇನೂ ಮಾಡಲು ಸಮಯ ಸಿಗಲಿಲ್ಲ. 1945ರ ಆಗಸ್ಟ್ 17ರಂದು ಸ್ವಾತಂತ್ರ್ಯ ಘೋಷಣೆ. ಸೆಪ್ಟೆಂಬರ್ 2ರಂದು ಮೊದಲ ಮಂತ್ರಿಮಂಡಲ, ಅದರಲ್ಲಿ ಇವರಿಗೆ ಶಿಕ್ಷಣ ಖಾತೆ. ನವೆಂಬರ್ 14ರಂದು ಆ ಮಂತ್ರಿಮಂಡಲವೇ ಹೋಯಿತು. ಒಟ್ಟು ಎರಡೂವರೆ ತಿಂಗಳು. ಶಾಲೆಗಳಲ್ಲಿ ಪ್ರತಿದಿನ ಕೆಂಪು ಬಿಳಿ ಬಾವುಟ ಹಾರಿಸಿ, ರಾಷ್ಟ್ರಗೀತೆ ‘ಇಂಡೊನೇಷ್ಯಾ ರಾಯ’ ಹಾಡಿ, ಜಪಾನಿ ಬಾವುಟ ಇಳಿಸಿ, ಜಪಾನಿ ಭಾಷೆಯ ಪಾಠ ನಿಲ್ಲಿಸಿ ಎಂಬ ಸೂಚನೆ ಆ ದಿನಗಳದ್ದು. ಪುಸ್ತಕಗಳಲ್ಲಿ ‘ಮೊದಲ ಶಿಕ್ಷಣ ಮಂತ್ರಿ’ ಅಂತ ದಪ್ಪಕ್ಷರದಲ್ಲಿ ಬರೆಯುತ್ತಾರೆ. ಅವರ ಬದುಕಿನಲ್ಲಿ ಅದು ತೀರಾ ಸಣ್ಣ ಅಧ್ಯಾಯ.

ಹಾಗಾದರೆ ಮೇಷ್ಟ್ರಿಕೆಯಿಂದ ರಾಜಕೀಯಕ್ಕೆ ನಿಜವಾಗಿ ಹೋದವರು ಯಾರು?

ಇವರದೇ ಸಂಗಾತಿ ಸರ್ಮಿದಿ ಮಂಗುನ್‌ಸರ್ಕೊರೊ. ತಮನ್ ಸಿಸ್ವದಲ್ಲಿ ಕಲಿಸಿ, ಅದರ ಮುಂದಾಳಾಗಿ, ಆಮೇಲೆ ರಾಷ್ಟ್ರೀಯ ಪಕ್ಷದ ನಾಯಕರಾದರು. 1949 ಮತ್ತು 1950ರಲ್ಲಿ ಶಿಕ್ಷಣ ಮಂತ್ರಿ. ದೇಶದ ಮೊದಲ ಶಿಕ್ಷಣ ಕಾಯ್ದೆ, 1950ರ 4ನೇ ಕಾಯ್ದೆ, ಇವರ ಕಾಲದ್ದು. ಪ್ರಚಾರ ಮಾತ್ರ ಗುರುವಿಗೆ ಸಿಕ್ಕಷ್ಟು ಸಿಗಲಿಲ್ಲ.

ಟೀಕೆಗಳೇ ಇಲ್ವಾ?

ಇವೆ. ಎಲ್ಲರೂ ಒಂದೇ ಮನೆಯವರು ಅನ್ನುವ ಮನೆಯಲ್ಲಿ ಕೊನೆಯ ಮಾತು ಅಪ್ಪನದ್ದೇ. ಕಿ ಹಜರ್ ಇದಕ್ಕೆ ‘ನಾಯಕತ್ವದ ಜೊತೆಗಿನ ಪ್ರಜಾಪ್ರಭುತ್ವ’ ಎಂಬರ್ಥದ ಮಾತು ಬಳಸುತ್ತಿದ್ದರು. ಮುಂದೆ ಸುಕರ್ನೊ ‘ಮಾರ್ಗದರ್ಶಿತ ಪ್ರಜಾಪ್ರಭುತ್ವ’ ತಂದಾಗ ಕೆಲವು ಇತಿಹಾಸಕಾರರಿಗೆ ಅದರಲ್ಲಿ ಈ ಮಾತಿನ ಪ್ರತಿಧ್ವನಿ ಕೇಳಿಸಿತು. ಶಾಲೆಯಲ್ಲಿ ಒಪ್ಪುವ ಅಪ್ಪ ದೇಶಕ್ಕೆ ಒಪ್ಪುತ್ತಾನಾ ಎಂಬ ಪ್ರಶ್ನೆ ಇನ್ನೂ ಹಾಗೇ ಇದೆ. ಜಾವಾದ ಸಂಸ್ಕೃತಿಗೇ ಹೆಚ್ಚು ಜಾಗ ಕೊಟ್ಟರು, ಬೇರೆ ದ್ವೀಪದವರಿಗೆ ಅದು ಪರಕೀಯ ಅನ್ನುವುದು ಇನ್ನೊಂದು ಮಾತು. ಅದರಲ್ಲೂ ಹುರುಳಿದೆ.

ಸತ್ತ ಮೇಲೆ ಸರ್ಕಾರ ಏನು ಗೌರವ ಕೊಟ್ಟಿತು?

1959ರ ನವೆಂಬರ್‌ನಲ್ಲಿ ‘ರಾಷ್ಟ್ರವೀರ’ ಬಿರುದು. ಇಲ್ಲೊಂದು ಮಜಾ ಇದೆ. ಆ ಬಿರುದು ಮೊದಲು ಸಿಕ್ಕಿದ್ದು ಅದೇ ವರ್ಷ ತೀರಿಕೊಂಡ ಅಬ್ದುಲ್ ಮುಯಿಸ್‌ಗೆ, 1913ರ ಆ ಲೇಖನವನ್ನು ಮಲಯಕ್ಕೆ ತಂದವರಿಗೆ. ಎರಡನೆಯದು ಲೇಖನ ಬರೆದವರಿಗೆ. ಮೂರನೆಯದು ಬರೆದವರ ಅಣ್ಣ, ಮುಷ್ಕರಗಳ ರಾಜನಿಗೆ. ಆಮೇಲೆ 1998ರಲ್ಲಿ 20,000 ರೂಪಿಯಾ ನೋಟಿನ ಮೇಲೆ ಕಿ ಹಜರ್ ಮುಖ ಬಂತು. ನೌಕಾಪಡೆಯ ಒಂದು ತರಬೇತಿ ಹಡಗಿಗೂ ಅವರ ಹೆಸರಿಟ್ಟಿದ್ದರು.

ಯೋಗ್ಯಕರ್ತಕ್ಕೆ ಹೋದರೆ ನೋಡಲು ಏನಿದೆ?

ತಮನ್ ಸಿಸ್ವ ಎಂಬ ಹೆಸರಿನ ರಸ್ತೆಯೇ ಇದೆ. ಅಲ್ಲಿ ಅವರು ಬದುಕಿದ್ದ ಮನೆ 1970ರಿಂದ ಮ್ಯೂಸಿಯಂ. ಹೆಸರು ‘ದೇವಾಂತರ ಕೀರ್ತಿ ಗ್ರಿಯ’. ಗ್ರಿಯ ಅಂದರೆ ಗೃಹ. ಬೋರ್ಡು ಓದುವಾಗ ಅನುವಾದಕರು ಬೇಕಾಗುವುದಿಲ್ಲ. ಪಕ್ಕದಲ್ಲೇ ಶಾಲೆ ಇನ್ನೂ ನಡೆಯುತ್ತಿದೆ. ಬೆಳಗ್ಗೆ ಹೋದರೆ ಮಕ್ಕಳ ಗಲಾಟೆಯೂ ಕೇಳಿಸುತ್ತದೆ.